ಸ್ವೀಡನ್ನರ ಸುಟ್ಟಗಾಯ

ಹಾಸೆಲ್‌ರೊಯ್ತ್
ಮೇ 12, 1996

ಶತ್ರುದೇಶವಾದ ಸ್ವೀಡನ್ನಿನಲ್ಲಿ ಬೀಡುಬಿಟ್ಟಿರುವ ನನ್ನ ಒಬ್ಬಳೇ ಮಗಳು ರೋಸ್ವಿಟಾಳಿಗೆ,

ನಿನ್ನ ಕಾಗದ ಬಂತು. ಓದಿದೆ. ನಂಬಿಕೆ ಬರದೆ ಇನ್ನೊಮ್ಮೆ ಓದಿದೆ. ಆಮೇಲೆ ಹಿತ್ತಲಿಗೆ ಹೋಗಿ ಕೋಳಿಗಳಿಗೂ ಓದಿ ಹೇಳಿದೆ. ಈ ಆಗಸ್ಟಿನಲ್ಲಿ ನಮ್ಮ ಚರ್ಚಿನ ಕೆರ್ವಾ ಹಬ್ಬಕ್ಕೆ ನೀನು ಊರಿಗೆ ಬರುತ್ತೀಯಂತೆ! ಲಿಂಡನ್ ಮರದ ಕೊಂಬೆಗಳ ನಡುವಿನ ಅಟ್ಟದ ಮೇಲೆ ಮೊದಲ ಸುತ್ತು ನನ್ನ ಜೊತೆ ಕುಣಿಯುತ್ತೀಯಂತೆ! ಕೋಳಿಗಳು ಅಷ್ಟೇನೂ ಸಂಭ್ರಮ ಪಡಲಿಲ್ಲ. ಕೆರ್ವಾ ಎಂದರೆ ಅವುಗಳ ಮಟ್ಟಿಗೆ ಬಾಣಲೆ.

ಮೊದಲ ಸುತ್ತು ಮರದ ಪಾಲಕನಿಗೂ ಅವನ ಮನೆಯ ಹೆಣ್ಣಿಗೂ ಸೇರಿದ್ದು ಎಂಬ ನಿಯಮ ನಿನಗೆ ನೆನಪಿರುವುದು ಸಂತೋಷ. ನಿನ್ನಮ್ಮ ಹೋದ ಮೇಲೆ ಆ ಸುತ್ತನ್ನು ಬಿಯರ್ ಮನೆಯ ಎರ್ಹಾರ್ಡ್ ಶಾಮೆಲ್ 'ತಾತ್ಕಾಲಿಕವಾಗಿ' ಕುಣಿಯುತ್ತಿದ್ದಾನೆ. ಕುಣಿಯುತ್ತಾನೆ ಎನ್ನುವುದು ನನ್ನ ಔದಾರ್ಯ. ಇಳಿಜಾರಿನಲ್ಲಿ ಪೀಪಾಯಿ ಉರುಳಿದರೆ ಅದನ್ನು ಯಾರೂ ಪೋಲ್ಕಾ ಕುಣಿತ ಅನ್ನುವುದಿಲ್ಲ. ಕೆಳಗಿಳಿದು ಬಂದವನು ಪ್ರತಿವರ್ಷ ನನ್ನ ಬೆನ್ನು ತಟ್ಟುತ್ತಾನೆ: "ಲೋ ಓಟ್ಮಾರ್, ಮರ ನನ್ನನ್ನ ಒಪ್ಕೊಂಡ್ಬಿಟ್ಟಿದೆ ಕಣೋ." ಈ ವರ್ಷ ಅವನು ಕೆಳಗೆ ನಿಂತು ಮಗ್ಗು ತೊಳೆಯಲಿ.

ಸಿದ್ಧತೆ ಶುರುವಾಗಿದೆ. ಅಟ್ಟದ ಹಲಗೆಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಕಲ್ಲುಕಂಬಗಳ ಮೇಲೆ ಕೂರಿಸಿದ್ದೇನೆ. ನಡುವೆ ಕಾಂಡ ತೂರಿಕೊಂಡು ಮೇಲೇಳುವ ಕಡೆ ಹಲಗೆಯನ್ನು ಸ್ವಲ್ಪ ಕೊರೆದು ಜಾಗ ಬಿಟ್ಟೆ, ನಮ್ಮ ಮರದಜ್ಜನ ನಡು ದಪ್ಪಗಾಗಿದೆ. ಅಡ್ಡಕ್ಕೆ ಬಾಗಿಸಿದ ಕೊಂಬೆಗಳು ಸುತ್ತ ಹಸಿರು ಗೋಡೆ ಕಟ್ಟಿವೆ. ಜುಲೈನಲ್ಲಿ ಕಿಟಕಿ ಕತ್ತರಿಸುತ್ತೇನೆ. ಮೆಟ್ಟಿಲು ಮಾತ್ರ ಕೆರ್ವಾ ಬೆಳಿಗ್ಗೆ, ನನ್ನ ಕೈಯಿಂದಲೇ.

ನೀನು ಮರಗಳ ಡಾಕ್ಟರಾದ್ದರಿಂದ ರೋಗಿಯ ಸಮಾಚಾರವನ್ನೂ ಕೊಡುತ್ತೇನೆ. ಎಲೆಗಳ ಮೇಲೆ ಕೆಂಪು ಕೊಂಬುಗಳೆದ್ದಿವೆ. ಹುಳಗಳ ಕೆಲಸ, ಪ್ರಾಣಭಯವಿಲ್ಲ, ದೆವ್ವದ ಮರಿಗಳ ಹಾಗೆ ಚೆನ್ನಾಗಿಯೇ ಕಾಣುತ್ತವೆ. ಗಿಡಹೇನು ಬೇಕಾದಷ್ಟು, ಅವು ಸುರಿಸುವ ಜೇನಂಟು ಮರದಡಿಯ ಮೇಜಿನ ಮೇಲೆ ಬಿದ್ದು ಪಾದ್ರಿಯವರ ಮೊಣಕೈ ಅಂಟಿಕೊಂಡು, ಅವರು ಎಂದಿಗಿಂತ ಒಂದು ಮಗ್ಗು ಹೆಚ್ಚಾಗಿ ಕುಡಿಯಬೇಕಾಯಿತು. ಇನ್ನು ನಮ್ಮ ಹೆಮ್ಮೆಯ ಸುಟ್ಟಗಾಯ ಈ ವರ್ಷ ಬಹಳ ಭವ್ಯವಾಗಿದೆ. 'ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನರು ಇಟ್ಟ ಬೆಂಕಿಯ ಗುರುತು' ಎಂಬ ಬೋರ್ಡು ಇದೆಯಲ್ಲ, ಮೊದಲು ಆ ಕಪ್ಪು ಬುಡದಲ್ಲೇ ಇತ್ತು, ಈಗ ಬೋರ್ಡಿನ ಕೆಳಅಂಚನ್ನು ಮುಟ್ಟಿದೆ. ಸುತ್ತ ಬೂದುಬಿಳಿ ಅಂಚು ಬೇರೆ, ಕೇಕಿನ ಮೇಲೆ ಕೆನೆ ಬಳಿದ ಹಾಗೆ. ಪ್ರವಾಸಿಗಳು ಫೋಟೋ ತೆಗೆದುಕೊಳ್ಳಲು ಸಾಲು ನಿಲ್ಲುತ್ತಾರೆ.

ಷೂ ತರುವುದನ್ನು ಮರೆಯಬೇಡ. ಸ್ವೀಡನ್ನಿನ ಮರದ ಚಪ್ಪಲಿ ನಡೆಯುವುದಿಲ್ಲ.

ಕುಣಿತದ ಅಭ್ಯಾಸವನ್ನು ಪೊರಕೆಯ ಜೊತೆ ಆರಂಭಿಸಿರುವ,
ನಿನ್ನ ಅಪ್ಪ
ಓಟ್ಮಾರ್ ಪ್ಯೋಲ್‌ಮನ್, ಲಿಂಡನ್ ಪಾಲಕ


ಮಾಲ್ಮೊ
ಮೇ 20

ಅಪ್ಪಾ,

ಪೊರಕೆಯನ್ನು ಕೆಳಗಿಟ್ಟು ಇದನ್ನು ಓದು. ದಯವಿಟ್ಟು ಕೂತುಕೊಂಡು ಓದು.

ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ನನ್ನ ಕೆಲಸ ಮರದ ಸುತ್ತಿಗೆಯಿಂದ ಕಾಂಡಗಳನ್ನು ತಟ್ಟಿ ಕೇಳುವುದು. ಎಲ್ಮ್ ಮರಗಳು ಸಾಲುಸಾಲಾಗಿ ಒಣಗುತ್ತಿವೆ. ಜೀರುಂಡೆ ಹೊತ್ತು ತರುವ ಶಿಲೀಂಧ್ರ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತದೆ, ಜೂನಿನಲ್ಲೇ ಎಲೆ ಹಳದಿಯಾಗಿ ಸುರುಟುತ್ತದೆ. ಆದರೂ ಎಲ್ಮ್ ಒಂದು ವಿಷಯದಲ್ಲಿ ಪ್ರಾಮಾಣಿಕ: ಕಾಯಿಲೆಯಾದರೆ ಮುಖದಲ್ಲೇ ಗೊತ್ತಾಗುತ್ತದೆ. ಲಿಂಡನ್ ಹಾಗಲ್ಲ. ತಲೆ ತುಂಬ ಹಸಿರು ಹೊತ್ತುಕೊಂಡು ನಿಂತಿರುತ್ತದೆ, ಬುಡ ಮಾತ್ರ ಟೊಳ್ಳು ಮಡಕೆ.

ಅಪ್ಪಾ, ಮುನ್ನೂರು ವರ್ಷದ ಹಿಂದಿನ ಸುಟ್ಟಗಾಯ ಬೆಳೆಯುವುದಿಲ್ಲ.

ವಸಂತದಲ್ಲಿ ಬೂದುಬಿಳಿ ಅಂಚು ಮೂಡಿ, ಆಮೇಲೆ ಕಪ್ಪಾಗಿ, ಇದ್ದಿಲಿನ ಹಾಗೆ ಗಟ್ಟಿಯಾಗುವುದು ಒಂದು ಶಿಲೀಂಧ್ರ. ಅದಕ್ಕೆ ಇಲ್ಲಿನವರೂ ಅಲ್ಲಿನವರೂ 'ಸುಟ್ಟ ಹೊಪ್ಪಳೆ' ಎನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ, ಏಕೆಂದರೆ ನೋಡಿದವರೆಲ್ಲ ಬೆಂಕಿ ಎಂದೇ ಮೋಸಹೋಗುತ್ತಾರೆ. ಬೇರಿನ ಮೂಲಕ ಒಳಹೊಕ್ಕು ಬುಡದ ಮರವನ್ನು ತಿನ್ನುತ್ತದೆ. ಹಾಗೆ ತಿಂದ ಮರ ಬಾಗುವುದಿಲ್ಲ, ಎಚ್ಚರಿಸುವುದಿಲ್ಲ. ಪಿಂಗಾಣಿಯ ಹಾಗೆ ಒಂದೇ ಸಲ ಮುರಿಯುತ್ತದೆ. ಅಟ್ಟ ಕಲ್ಲುಕಂಬದ ಮೇಲಿದೆ, ಸರಿ. ಆದರೆ ಕಾಂಡ ಬೀಳುವಾಗ ಅಟ್ಟವನ್ನೂ ಅದರ ಮೇಲಿದ್ದವರನ್ನೂ ಕೇಳಿ ಬೀಳುವುದಿಲ್ಲ.

ಒಂದು ಚೂರು ಕಪ್ಪನ್ನು ಉಗುರಿನಿಂದ ಎಬ್ಬಿಸು. ಇದ್ದಿಲಿನಂತೆ ಪುಡಿಯಾದರೆ ಬೈರೊಯ್ತ್ ಪಟ್ಟಣದಿಂದ ಮರ ಪರೀಕ್ಷಿಸುವವರು ಯಾರನ್ನಾದರೂ ಕರೆಸು. ಅವರು ನೋಡುವವರೆಗೆ ಮೆಟ್ಟಿಲು ಹಾಕಬೇಡ.

ಇದನ್ನು ಬರೆದರೆ ನನ್ನ ಕುಣಿತಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ ಎಂದು ಗೊತ್ತು. ಹೊಸ ಷೂ ಕೊಂಡಾಗಿದೆ, ಕೆಂಪು.

ರೋಸಿ


ಹಾಸೆಲ್‌ರೊಯ್ತ್
ಜೂನ್ 2

ರೋಸ್ವಿಟಾ,

ನಿನ್ನ ಕಾಗದವನ್ನು ಬಿಯರ್ ಮನೆಯಲ್ಲಿ ಎದ್ದುನಿಂತು ಎಲ್ಲರಿಗೂ ಓದಿದೆ. ಮುಚ್ಚಿಟ್ಟೆ ಎಂಬ ಮಾತು ಬರಬಾರದಲ್ಲ. ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡುತ್ತೇನೆ.

ಮೊದಲಿಗೆ ಎರ್ಹಾರ್ಡ್ ಮಗ್ಗನ್ನು ಮೇಜಿಗೆ ಕುಕ್ಕಿದ: "ನೋಡಿದ್ರಾ! ಅಲ್ಲಿ ಹೋಗಿ ಅವರ ಅನ್ನ ತಿಂದ ಹುಡುಗಿ, ಬೆಂಕಿ ಇಟ್ಟೋರು ಅವರಲ್ಲ ಅಂತ ಈಗ ಸರ್ಟಿಫಿಕೇಟ್ ಕಳಿಸ್ತಾಳೆ!"

"ಅಣಬೆ ಇಟ್ಟಿದ್ದಂತೆ," ಎಂದ ಬಡಗಿ.

"ಅಣಬೆಗೆ ಬೆಂಕಿಪೊಟ್ಟಣ ಯಾರು ಕೊಟ್ರಂತೆ?"

ನಕ್ಕರು, ಮಗಳೇ. ಇಡೀ ಬಿಯರ್ ಮನೆ ನಕ್ಕಿತು. ಬಾಬೆಟ್ ಅಜ್ಜಿ ಮಾತ್ರ ಮೂಲೆಯಿಂದ, "ಹುಡುಗಿ ಚಿಕ್ಕೋಳಿದ್ದಾಗ್ಲೂ ಸುಳ್ಳು ಹೇಳ್ತಿರ್ಲಿಲ್ಲ, ಅದೇ ಅವಳ ದೊಡ್ಡ ದೋಷ," ಅಂದಳು. ನಾನೂ ನಗುವವರ ಜೊತೆ ನಕ್ಕೆ. ಪಾಲಕನಾದವನಿಗೆ ಸಭಾಗೌರವ ಇರಬೇಕು.

ಸ್ವೀಡನ್ನರು ಸುಡದಿದ್ದರೆ ನಮ್ಮೂರಿನಲ್ಲಿ ಅವರು ಮಾಡಿದ್ದಾದರೂ ಏನು? ಇತಿಹಾಸದಲ್ಲಿ ನಮಗಿರುವುದು ಇದೊಂದೇ. ಪಕ್ಕದ ಊರಿಗೆ ಒಂದು ಕೋಟೆ ಇದೆ, ಅದರಾಚೆಯ ಊರಿನಲ್ಲಿ ಒಬ್ಬ ರಾಜಕುಮಾರ ಭೇದಿಯಾಗಿ ಒಂದು ರಾತ್ರಿ ತಂಗಿದ್ದ. ನಮಗಿರುವುದು ಈ ಗಾಯ. ಅದನ್ನೂ ಕಸಿದುಕೊಂಡು ಅಣಬೆ ಕೊಡುತ್ತೀಯಲ್ಲ.

ಮರ ಗಟ್ಟಿಯಾಗಿದೆ. ಎಲೆ ಚಿಮ್ಮುತ್ತಿದೆ. ಹೂ ಮೊಗ್ಗು ಕಟ್ಟಿದೆ. ಕಾಯಿಲೆಯವರು ಹೀಗಿರುತ್ತಾರೆಯೇ?

ಷೂ ವಾಪಸ್ ಮಾಡಬೇಡ.

ಅಪ್ಪ


ಮಾಲ್ಮೊ
ಜೂನ್ 11

ಅಪ್ಪಾ,

ಅಮ್ಮನ ಹೆಗಲ ಮೇಲೆ ಒಂದು ಕಪ್ಪು ಮಚ್ಚೆ ಇತ್ತಲ್ಲ. ಹುಟ್ಟಿದಾಗಿನಿಂದ ಇದೆ ಅಂತ ಅವಳು ಹೇಳಿದಳು, ನೀನು ಹೇಳಿದೆ, ನಾನೂ ಹೇಳಿದೆ. ಆ ಬೇಸಿಗೆಯಲ್ಲಿ ಅದು ಅಂಗಿಯ ಪಟ್ಟಿ ದಾಟಿ ಕಾಣತೊಡಗಿದಾಗಲೂ ಹಾಗೇ ಹೇಳಿದೆವು. ಅವಳ ಕೆನ್ನೆ ಕೆಂಪಾಗಿಯೇ ಇತ್ತು. ಆ ವರ್ಷವೂ ಮೊದಲ ಸುತ್ತು ಕುಣಿದಳು.

ಇಷ್ಟೇ ಬರೆಯಬೇಕೆಂದಿದ್ದೆ.

ರೋಸಿ


ಹಾಸೆಲ್‌ರೊಯ್ತ್
ಜುಲೈ 14

ಮಗಳೇ,

ನಿನ್ನ ಚಿಕ್ಕ ಕಾಗದ ಬಂತು. ಉತ್ತರ ಬರೆಯಲು ಕೂತು ಕೂತು ಪೆನ್ನಿನ ಶಾಯಿ ಒಣಗಿತು. ಆದ್ದರಿಂದ ಉತ್ತರ ಬರೆಯುವುದಿಲ್ಲ, ನಿನ್ನೆ ಏನಾಯಿತೆಂದು ಬರೆಯುತ್ತೇನೆ. ಏನಾಯಿತು ಅಂತೀಯ! ಕೆರ್ವಾ ಎರಡು ಸಲ ಬಂದ ಹಾಗಾಯಿತು!

ಬೈರೊಯ್ತಿನಿಂದ ಡಾಕ್ಟರ್ ಲೈಪೋಲ್ಡ್ ಎಂಬ ಹೆಂಗಸು ವ್ಯಾನಿನ ತುಂಬ ಸಾಮಾನು ಹೇರಿಕೊಂಡು ಬಂದರು. ಕರೆಸಿದ್ದು ನಾನೇ. ಊರಿಗೆ ನಾನು ಹೇಳಿದ್ದು, 'ಹುಡುಗಿಯ ಬಾಯಿ ಮುಚ್ಚಿಸಲು' ಎಂದು. ಸುದ್ದಿ ತಿಳಿದು ಜನ ಕುರ್ಚಿ ಹೊತ್ತು ಬಂದರು. ಎರ್ಹಾರ್ಡ್ ಸಾಸೇಜು ಸುಡಲು ಒಲೆ ಹೊತ್ತಿಸಿದ. ಶೋಕವಾಗಲಿ ಸಂತೋಷವಾಗಲಿ, ಅವನ ಒಲೆ ಪಕ್ಷಪಾತ ಮಾಡುವುದಿಲ್ಲ.

ಮೊದಲು ಆಕೆ ಬೋರ್ಡಿನ ಪಕ್ಕ ಕೂತು ಚಾಕುವಿನ ತುದಿಯಿಂದ ಆ ಕಪ್ಪನ್ನು ಎಬ್ಬಿಸಿದರು. ಇದ್ದಿಲಿನಂತೆ ಪುಡಿಯಾಯಿತು. ಸುತ್ತಿಗೆಯಿಂದ ಬುಡವನ್ನು ತಟ್ಟುತ್ತಾ ಒಂದು ಸುತ್ತು ಹಾಕಿದರು. ಟಣ್, ಟಣ್, ಟಣ್, ಆಮೇಲೆ ಒಂದು ಕಡೆ ದೊಬ್. ಮಗಳೇ, ನಾನು ಬದುಕಿಡೀ ಆ ಮರಕ್ಕೆ ಒರಗಿಕೊಂಡು ನಿಂತದ್ದು ಅದೇ ಕಡೆ.

ಆಮೇಲೆ ಎಳೆಯುವ ಪರೀಕ್ಷೆ. ಕಾಂಡದ ಮೇಲ್ಭಾಗಕ್ಕೆ ಉಕ್ಕಿನ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಅಗ್ನಿಶಾಮಕದವರ ಲಾರಿಗೆ ಕಟ್ಟಿದರು. ಬಿರುಗಾಳಿ ಎಳೆಯುವ ಹಾಗೆ ರಾಟೆ ತಿರುಗಿಸಿ ಮೆಲ್ಲಗೆ ಎಳೆಯುವುದು. ಬುಡಕ್ಕೆ ಅಂಟಿಸಿದ ಮಾಪಕಗಳ ಮುಳ್ಳುಗಳು ಮರ ಕೂದಲೆಳೆಯಷ್ಟು ಅಲುಗಿದರೂ ಹೇಳುತ್ತವೆ. ಹಗ್ಗ ಬಿಗಿಯಾಯಿತು. "ಎಳೀರಿ!" ಎಂದು ಎರ್ಹಾರ್ಡ್ ಕಿರುಚಿದ, "ನಮ್ಮಜ್ಜ ಏನು ಅಂತ ತೋರ್ಸಿ ಆ ಮುಳ್ಳುಗಳಿಗೆ!" ಒಂದು ಮುಳ್ಳು ಅಲುಗಿತು. ಇನ್ನೊಂದು ಅಲುಗಿತು. ಮೂರನೆಯದು ಎಗರಿತು. ಆಕೆ ಕೈಯೆತ್ತಿ, "ಸಾಕು, ಸಾಕು, ಬಿಡಿ!" ಎಂದರು, ಸಂತೆಯಲ್ಲಿ ಮಗು ಕಳಕೊಂಡವರ ದನಿಯಲ್ಲಿ.

"ಪಾಲಕರೇ," ಎಂದರು ಆಮೇಲೆ ನನ್ನ ಬಳಿ ಬಂದು, "ನಿಮಗೆ ಯಾರು ಹೇಳಿದ್ದು ಇದನ್ನ ನೋಡಿಸಿ ಅಂತ?"

"ನನ್ನ ಮಗಳು."

"ಅವಳಿಗೊಂದು ಬಿಯರ್ ಕೊಡ್ಸಿ."

ತೀರ್ಪು ಹೀಗಿದೆ. ಎಲೆ ಉದುರಿದ ಮೇಲೆ ತಲೆಯನ್ನು ಮೂರನೇ ಒಂದು ಪಾಲಿಗೆ ಇಳಿಸಬೇಕು. ಆಮೇಲೆ ಬದುಕುವುದೋ ಬಿಡುವುದೋ ಮರ ನಿರ್ಧರಿಸುತ್ತದೆ. ಅಲ್ಲಿಯವರೆಗೆ ಮರದ ಎತ್ತರದಷ್ಟು ದೂರ ಸುತ್ತಲೂ ಹಗ್ಗ, ಒಳಗೆ ಒಂದು ಬೆಕ್ಕೂ ಹೋಗಬಾರದು. ಬೆಕ್ಕಿಗೆ ಹೇಳುವುದು ಹೇಗೆಂದು ಆಕೆ ತಿಳಿಸಲಿಲ್ಲ.

ಬೋರ್ಡನ್ನು ಕಿತ್ತೆ. ಎರ್ಹಾರ್ಡ್ ಅದನ್ನು ಒಯ್ದು ಬಿಯರ್ ಮನೆಯ ಒಲೆಯ ಮೇಲೆ ನೇತುಹಾಕಿದ್ದಾನೆ. ಅಲ್ಲಿ ಅದು ಹೆಚ್ಚು ಸತ್ಯವಾಗಿ ಕಾಣುತ್ತದೆ.

ಅಪ್ಪ


ಮಾಲ್ಮೊ
ಜುಲೈ 21

ಅಪ್ಪಾ, ಅಪ್ಪಾ, ಅಪ್ಪಾ!

ಕಾಗದವನ್ನು ಪಾರ್ಕಿನಲ್ಲೇ ನಿಂತು ಓದಿದೆ. ಓದಿ ಅತ್ತೆ. ಆಮೇಲೆ ನಕ್ಕೆ. ಜೊತೆಗೆಲಸದವನು ನಾನು ಎಲ್ಮ್ ಮರವೊಂದನ್ನು ಉಳಿಸಿಬಿಟ್ಟೆನೆಂದುಕೊಂಡು ಕೈಕುಲುಕಿದ.

ಎಳೆಸಿದ್ದು ನೀನು. ನಿನ್ನ ಮರವನ್ನು ಎಲ್ಲರ ಮುಂದೆ, ಸೋಲುವ ಸಾಧ್ಯತೆ ಇಟ್ಟುಕೊಂಡು ಎಳೆಸಿದೆ. ನಾನು ಪ್ರತಿದಿನ ಮರಗಳನ್ನು ತಟ್ಟುತ್ತೇನೆ, ಆದರೆ ಅವು ನನ್ನವಲ್ಲ.

ಹಲಗೆಗಳನ್ನು ನೆನೆಯಲು ಬಿಡಬೇಡ. ನಾನು ಬರುತ್ತೇನೆ. ಮರದ ಮೇಲೆ ಕುಣಿತ ಇಲ್ಲದಿದ್ದರೂ, ಹಗ್ಗದಾಚೆ ಕುರ್ಚಿ ಹಾಕಿಕೊಂಡು ಇಬ್ಬರೂ ಕೂತು ಅದನ್ನು ನೋಡೋಣ.

ಈ ಸಲ ಊರಿನವರು ಏನನ್ನುತ್ತಾರೆ ಎಂದು ಮಾತ್ರ ಮುಚ್ಚಿಡದೆ ಬರಿ.

ರೋಸಿ


ಹಾಸೆಲ್‌ರೊಯ್ತ್
ಆಗಸ್ಟ್ 9

ಅತ್ಯಂತ ತುರ್ತು. ನಿಂತೇ ಓದಬಹುದು. ಕೂತರೆ ಎದ್ದುಬಿಡುತ್ತೀಯ.

ಊರಿನವರು ಏನನ್ನುತ್ತಾರೆಂದು ಕೇಳಿದೆಯಲ್ಲ. ಹದಿನೈದು ದಿನ ನನಗೆ ಯಾರೂ ನಮಸ್ಕಾರ ಹೇಳಲಿಲ್ಲ. ಹಾಲಿನವಳು ಹಾಲು ಹಾಕಿ ಮುಖ ತಿರುಗಿಸಿದಳು. ಎರ್ಹಾರ್ಡ್ ಸಭೆ ಕರೆದ. "ಒಂದೇ ಒಂದು ದಿನ ಕಣೋ," ಅಂದ, "ಅಷ್ಟು ವರ್ಷ ನಿಂತಿದ್ದು ಆ ಭಾನುವಾರಾನೇ ಬೀಳುತ್ತಾ? ಮೆಟ್ಲು ಹಾಕು. ಮೊದಲ ಸುತ್ತು ನೀನೇ ಕುಣಿ, ನಾನು ಬಿಟ್ಕೊಡ್ತೀನಿ. ನಿನ್ನ ಮಗಳ ಜೊತೆ ಕುಣಿ."

ಮಗಳೇ, ಸೈತಾನ ಎದುರು ಬಂದರೆ ಕೊಂಬು ಬಾಲ ಹಾಕಿಕೊಂಡು ಬರುತ್ತಾನೆಂದು ಪಾದ್ರಿಯವರು ಹೇಳಿಕೊಟ್ಟಿದ್ದರು. ಏಪ್ರನ್ ಕಟ್ಟಿಕೊಂಡು ಬರುತ್ತಾನೆಂದು ಯಾರೂ ಹೇಳಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಒಂದು ಹೆಗಲು ನೆನಪಾಯಿತು. ಮನೆಗೆ ಬಂದು, ಮೆಟ್ಟಿಲನ್ನು ಕೊಡಲಿಯಿಂದ ಸೌದೆ ಮಾಡಿದೆ. ಸರಿ ಮಾಡಿದೆನೋ ಇಲ್ಲವೋ, ಇನ್ನು ಯೋಚಿಸುವ ಹಾಗಿಲ್ಲ ಎಂಬುದೊಂದು ಸುಖ.

ಈಗ ಸಂತೋಷದ ಸುದ್ದಿ! ತಡವಾಗಿಯಾದರೂ ನಿನ್ನೆ ಹಗ್ಗ ಕಟ್ಟಲು ಹೊರಟೆ. ಮರದ ಎತ್ತರದಷ್ಟೇ ದೂರ, ಸುತ್ತಲೂ. ಹುಲ್ಲುಮೈದಾನ ಮುಗಿದ ಮೇಲೂ ಹಗ್ಗ ಮುಗಿಯಲಿಲ್ಲ. ಬಾಬೆಟ್ ಅಜ್ಜಿಯ ಅವರೆಬಳ್ಳಿಗಳ ನಡುವೆ ಹೋಯಿತು. ಚರ್ಚಿನ ಗೋಡೆಗೆ ಉಜ್ಜಿಕೊಂಡು ತಿರುಗಿತು. ಅಗ್ನಿಶಾಮಕದ ಶೆಡ್ಡನ್ನು ಹಿಂದಿನಿಂದ ಬಳಸಿತು. ಕೊನೆಗೆ, ದೇವರ ಲೆಕ್ಕಾಚಾರ ನೋಡು, ಎರ್ಹಾರ್ಡನ ಅಡುಗೆಮನೆಯ ಒಂದು ಬಾಗಿಲಿನಿಂದ ಒಳಹೋಗಿ ಇನ್ನೊಂದರಿಂದ ಹೊರಬರಬೇಕಾಯಿತು!

"ಏನೋ ಇದು, ನನ್ನ ಸೂಪಿನ ಮೇಲೆ ಹಗ್ಗ?" ಎಂದು ಎರ್ಹಾರ್ಡ್ ಸೌಟು ಹಿಡಿದು ಬಂದ.

ಬಾಬೆಟ್ ಅಜ್ಜಿ ಬಳ್ಳಿ ಸರಿಸಿ ನಿಂತು ನೋಡುತ್ತಿದ್ದವಳು ಕೂಗಿದಳು: "ಲೋ ಓಟ್ಮಾರಾ, ಒಳಗೆ ಹೋಗ್ಬಾರ್ದು ಅಂದ್ರಲ್ಲ. ಈ ಹಗ್ಗದ ಹೊರಗಡೆ ಕುಣಿಬೋದಾ?"

"ಕುಣಿಬೋದು ಅಜ್ಜಿ."

"ಮರದ ಸುತ್ತಾನೇ ಅಲ್ವಾ ಅದೂ?"

ನಾನು ಎರ್ಹಾರ್ಡನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಸೌಟಿನಿಂದ ಸೂಪು ತೊಟ್ಟಿಕ್ಕುತ್ತಿತ್ತು. "ಬ್ಯಾಂಡಿನೋರ ಟ್ಯೂಬಾ ಕಹಳೆ ನನ್ನ ಬಾಗ್ಲಲ್ಲಿ ತೂರಲ್ಲ," ಎಂದ, ನಿಧಾನವಾಗಿ.

ತೂರಲ್ಲ ಅಂದನಲ್ಲ, ಆಗಲೇ ಗೊತ್ತಾಯಿತು, ಅವನು ಒಪ್ಪಿದ್ದಾನೆ!

ಷೂ! ಷೂ! ಗಟ್ಟಿ ಅಟ್ಟೆಯದು ತಾ! ಅವರೆಹೊಲ, ಜಲ್ಲಿ, ಅಡುಗೆಮನೆ, ಎಲ್ಲ ಇದೆ!

ನಿದ್ದೆ ಬಾರದ,
ಅಪ್ಪ


ಟ್ರೆಲೆಬೊರ್ಗಿಗೆ ಹೊರಟ ಹಡಗಿನ ಮೇಲಿನಿಂದ
ಆಗಸ್ಟ್ 27

ಅಪ್ಪಾ,

ಪೋಲ್ಕಾದಲ್ಲಿ ಗಂಡಸು ಮುಂದೆ ನೋಡುತ್ತಾನೆ, ಹೆಂಗಸು ಹಿಂದಕ್ಕೆ ಹೆಜ್ಜೆ ಹಾಕುತ್ತಾಳೆ ಎನ್ನುವುದು ನಿನ್ನ ನಂಬಿಕೆ. ತಿರುಗುವುದನ್ನೇ ಮರೆತು ನನ್ನನ್ನು ಗಾಡಿಯ ಹಾಗೆ ತಳ್ಳಿಕೊಂಡು ಹೋದೆ. ಆದ್ದರಿಂದ ನೀನು ಕಂಡದ್ದು ನನ್ನ ತಲೆಯಾಚೆಯ ಚರ್ಚಿನ ಗೋಡೆ ಮಾತ್ರ. ನಾನು ಕಂಡದ್ದು ಇಡೀ ಊರು. ಅದನ್ನು ನಿನಗೆ ಕೊಡದೆ ಹಡಗು ಇಳಿಯುವುದಿಲ್ಲ.

ನಿನ್ನ ಬೆನ್ನ ಹಿಂದೆ ಎರ್ಹಾರ್ಡ್ ಮಾವ ಬಾಬೆಟ್ ಅಜ್ಜಿಯನ್ನು ಹಿಡಿದು ಕುಣಿಯುತ್ತಿದ್ದ. ಅವಳು ತನ್ನ ಅವರೆಬಳ್ಳಿಗಳ ಹತ್ತಿರ ಬಂದಾಗ ಅವನ ಕಿವಿ ಹಿಡಿದು ಬದಿಗೆ ಎಳೆದಳು: "ಕಾಲು ನೋಡ್ಕೊಂಡು ಇಡೋ ಪೀಪಾಯಿ!" ಅವರ ಹಿಂದೆ ಪಾದ್ರಿಯವರು ಒಬ್ಬರೇ, ಕೈಯಲ್ಲಿ ಮಗ್ಗು, ಅದನ್ನೇ ಜೋಡಿ ಮಾಡಿಕೊಂಡು. ಟ್ಯೂಬಾದವನು ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಾಗ ನೀನು ಆಗಲೇ ಆಚೆ ದಾಟಿದ್ದೆ. ಅವನನ್ನು ಹೊರಗಿನವರು ಎಳೆದರು, ಒಳಗಿನವರು ನೂಕಿದರು. ಆ ಅಷ್ಟೂ ಹೊತ್ತು ಅವನು ಊದುವುದನ್ನು ನಿಲ್ಲಿಸಲಿಲ್ಲ! ತಾಳವೂ ತಪ್ಪಲಿಲ್ಲ! ಸೂಪಿನ ಪಾತ್ರೆ ಮಾತ್ರ ಉರುಳಿತು.

ಇಡೀ ಸುತ್ತಿನ ನಡುವೆ, ಹಗ್ಗದೊಳಗೆ, ಮರ ಒಂದೇ ನಿಂತಿತ್ತು. ಕಿಟಕಿ ಕತ್ತರಿಸಿದ ಕೊಂಬೆಗಳು, ಖಾಲಿ ಅಟ್ಟ. ಇಷ್ಟು ವರ್ಷ ಅದರೊಳಗೆ ಕುಣಿಯುವಾಗ ನಮಗ್ಯಾರಿಗೂ ಅದು ಪೂರ್ತಿ ಕಂಡಿರಲೇ ಇಲ್ಲ ಅಲ್ಲವೇ?

ಮೊದಲ ಸುತ್ತು ಮುಗಿದಾಗ ನೀನು ನನ್ನ ಕೈ ಬಿಡದೆ, "ಕುನಿ ಇದ್ದಿದ್ರೆ ಅವರೆಬಳ್ಳಿ ತುಳಿದಿದ್ದಕ್ಕೆ ಬೈತಿದ್ಲು," ಎಂದೆ. ಮೂರು ವರ್ಷದಲ್ಲಿ ನೀನು ಅಮ್ಮನ ಹೆಸರು ಹೇಳಿದ್ದು ಅದೇ ಮೊದಲು. ನಾನು ಏದುಸಿರು ಬಂದಿದೆ ಎಂದು ಸುಳ್ಳು ಹೇಳಿ ಪಕ್ಕಕ್ಕೆ ಹೋದೆ. ನಾನೂ ಒಮ್ಮೊಮ್ಮೆ ಸುಳ್ಳು ಹೇಳುತ್ತೇನೆ.

ಕಾಲು ಊದಿದೆ. ಸಂತೋಷವಾಗಿದೆ.

ರೋಸಿ


ಹಾಸೆಲ್‌ರೊಯ್ತ್
ನವೆಂಬರ್ 17

ಮಗಳೇ,

ಮರದ ತಲೆ ಇಳಿಸಿದರು. ನೋಡಿದರೆ ಸೈನ್ಯಕ್ಕೆ ಸೇರಿದ ಹುಡುಗನ ಹಾಗಿದೆ, ಕಿವಿ ಮಾತ್ರ ಕಾಣುತ್ತದೆ. ಡಾಕ್ಟರ್ ಲೈಪೋಲ್ಡ್ ಮತ್ತೆ ಬಂದು ತಟ್ಟಿ ಹೋದರು. ಏನೂ ಮಾತು ಕೊಡಲಿಲ್ಲ. ವಸಂತದಲ್ಲಿ ಚಿಗುರಿದರೆ ಮತ್ತೆ ಎಳೆದು ನೋಡುತ್ತಾರಂತೆ. ಆ ಶಿಲೀಂಧ್ರಕ್ಕೆ ಮದ್ದಿಲ್ಲವೆಂದೂ ಹೇಳಿದರು. ಅದನ್ನು ನೀನು ನನಗೆ ಬರೆದಿರಲಿಲ್ಲ. ಬರೆಯದಿದ್ದದ್ದು ಒಳ್ಳೆಯದಾಯಿತು.

ಇಲ್ಲಿ ನನ್ನ ಪಾಡು ಕೇಳು. ಎರ್ಹಾರ್ಡ್ ಪ್ರತಿದಿನ ಬೆಳಿಗ್ಗೆ ಕಿಟಕಿ ತೆರೆದು, ಇಡೀ ಬೀದಿಗೆ ಕೇಳುವ ಹಾಗೆ ಕೂಗುತ್ತಾನೆ: "ಓಟ್ಮಾರ್! ಬಿದ್ದಿಲ್ಲ ಕಣೋ!"

ಮೆಟ್ಟಿಲು ಹಾಕಬಹುದಿತ್ತು, ಮರದ ಮೇಲೇ ಕುಣಿಯಬಹುದಿತ್ತು, ನಾನು ಹೆದರುಪುಕ್ಕಲ ಎನ್ನುವುದು ಅದರ ಅರ್ಥ. ಕೆರ್ವಾ ದಿನ ಬೀಳಲಿಲ್ಲ. ಅಕ್ಟೋಬರಿನ ಗಾಳಿಗೂ ಬೀಳಲಿಲ್ಲ. ನಾನು ಸರಿ ಎನ್ನುವುದಕ್ಕೆ ನನ್ನ ಹತ್ತಿರ ಒಂದೇ ಒಂದು ಸಾಕ್ಷಿಯೂ ಇಲ್ಲ. ಇರುವುದೆಲ್ಲ ಅವನ ಪರ, ಅದೂ ಹಾಗೇ ನೆಟ್ಟಗೆ ನಿಂತುಕೊಂಡು. (ಗಾಳಿ ಬಂದ ದಿನ ಅವನು ತನ್ನ ಹಾಸಿಗೆಯನ್ನು ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಎಳೆದುಕೊಂಡದ್ದನ್ನು ಅವನ ಹೆಂಡತಿ ನನಗೆ ಹೇಳಿದ್ದಾಳೆ. ನಾನು ಸಭ್ಯ, ಯಾರಿಗೂ ಹೇಳಿಲ್ಲ. ಬಾಬೆಟ್ ಅಜ್ಜಿಗೆ ಮಾತ್ರ ಹೇಳಿದೆ. ಆದ್ದರಿಂದ ಎಲ್ಲರಿಗೂ ಗೊತ್ತಿದೆ.)

ನನಗೆ ಒಮ್ಮೆ, ಜೀವನದಲ್ಲಿ ಒಂದೇ ಒಂದು ಸಲ, 'ನೋಡಿ, ಏನೂ ಆಗಲಿಲ್ಲ' ಎಂದು ಬೈಸಿಕೊಳ್ಳುವ ಭಾಗ್ಯ ಬೇಕಿತ್ತು. ಕುನಿಯ ಆ ಬೇಸಿಗೆಯಲ್ಲಿ ಅದು ಸಿಗಲಿಲ್ಲ. ಈಗ ದಿನಾ ಸಿಗುತ್ತಿದೆ, ಬೆಳಗಿನ ಕಾಫಿಗೂ ಮೊದಲು.

ಆದ್ದರಿಂದ ಅವನು ಕೂಗಿದಾಗಲೆಲ್ಲ ನಾನು ಟೋಪಿ ತೆಗೆದು, "ನಿನ್ನ ಬಾಯಿಗೆ ಸಕ್ಕರೆ ಹಾಕ, ಇನ್ನೊಂದ್ಸಲ ಹೇಳೋ!" ಎನ್ನುತ್ತೇನೆ. ಅವನು ಗೊಂದಲಗೊಂಡು ಇನ್ನೊಂದು ಸಲ ಹೇಳುತ್ತಾನೆ.

ಇವತ್ತಿನ ಮಟ್ಟಿಗೂ ಸೋತು ನಿಂತಿರುವ,
ಅಪ್ಪ